ಜೇಬಿನಲ್ಲಡಗುವ ಪಿಸ್ತೂಲು

1956ನೆಯ ಇಸವಿಯಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಿಂದ ಜೆಫ್ರಿ ಬೂತ್‌ರಾಯ್ಡ್ ಎಂಬ ಗೃಹಸ್ಥನು ಕಾದಂಬರಿಕಾರ ಇಯಾನ್ ಫ್ಲೆಮಿಂಗನಿಗೆ ಒಂದು ಕಾಗದ ಬರೆದನು. ಫ್ಲೆಮಿಂಗನ ಕಥಾನಾಯಕನಾದ ಗೂಢಚಾರ ಜೇಮ್ಸ್ ಬಾಂಡನ ಸಾಹಸಗಳನ್ನು ಆತನು ಮೆಚ್ಚಿ ಓದುತ್ತಿದ್ದನು. ಅವನ ಆಕ್ಷೇಪವೆಲ್ಲ ಬಾಂಡನ ಕಂಕುಳಲ್ಲಿ ಅಡಗಿರುತ್ತಿದ್ದ ಪಿಸ್ತೂಲಿನ ಮೇಲೆ. ಅದು ಇಟಲಿಯ ಬೆರೆಟ್ಟಾ. ಅದರ ಗುಂಡಿನ ದಪ್ಪ ಒಂದು ಅಂಗುಲದ ಕಾಲುಪಾಲು. ಘೋರ ಶತ್ರುಗಳನ್ನು ಇದಿರಿಸಬೇಕಾದ ಮನುಷ್ಯನು ಇಂಥ ಆಟಿಗೆಯನ್ನು ಹಿಡಿದು ತಿರುಗುವುದು ಸಲ್ಲದು, ಅದೇನಿದ್ದರೂ ಹೆಂಗಸರ ಆಯುಧ ಎಂಬುದು ಅವನ ದೂರು. ಅದರ ಬದಲು ಅಮೆರಿಕೆಯ ಸ್ಮಿತ್ ಅಂಡ್ ವೆಸ್ಸನ್ ಕಂಪೆನಿಯ ಐದು ಗುಂಡಿನ .38 ರಿವಾಲ್ವರನ್ನು ಇಟ್ಟುಕೊಳ್ಳಲಿ ಎಂದು ಆತನು ಸೂಚಿಸಿದನು. ತೋಟಾದ ಬೆನ್ನಿಗೆ ಬಡಿಯುವ ಕುದುರೆಯು ಆ ರಿವಾಲ್ವರಿನಲ್ಲಿ ಹೊರಕ್ಕೆ ಚಾಚಿಕೊಂಡಿರದೆ ಒಳಗೇ ಹುದುಗಿರುವುದರಿಂದ, ಹೊರತೆಗೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳದು.

ಫ್ಲೆಮಿಂಗನು ಸಿಟ್ಟಾಗಲಿಲ್ಲ. 1957ರಲ್ಲಿ ಹೊರಬಂದ ಕಾದಂಬರಿಯ ಕೊನೆಯಲ್ಲಿ ಆ ಬೆರೆಟ್ಟಾ ಬಾಂಡನ ಉಡುಪಿಗೆ ಸಿಕ್ಕಿಕೊಂಡು ಅವನು ಸಾವಿನ ಬಾಯಿಗೆ ಬೀಳುತ್ತಾನೆ. 1958ರ ‘ಡಾಕ್ಟರ್ ನೋ’ ಕಾದಂಬರಿಯಲ್ಲಿ ಮೇಲಧಿಕಾರಿಯು ಆ ಪಿಸ್ತೂಲನ್ನು ಕಿತ್ತುಕೊಂಡು ಜರ್ಮನಿಯ ವಾಲ್ಥರ್ ಪಿಪಿಕೆಯನ್ನು ಕೊಡಿಸುತ್ತಾನೆ. ಸಲಹೆ ಹೇಳುವ ಆಯುಧಪರಿಣತನಿಗೆ ಕಾದಂಬರಿಯಲ್ಲಿ ‘ಮೇಜರ್ ಬೂತ್‌ರಾಯ್ಡ್’ ಎಂದೇ ಹೆಸರು! ಕಾಗದ ಬರೆದವನಿಗೆ ಇದಕ್ಕಿಂತ ಮಿಗಿಲಾದ ಉತ್ತರ ಇನ್ನೇನು ಬೇಕು? ಆದರೂ ಒಂದು ಎಡವಟ್ಟು ಉಳಿದೇ ಹೋಯಿತು. ಬೂತ್‌ರಾಯ್ಡನು ರಿವಾಲ್ವರಿಗೆಂದು ಸೂಚಿಸಿದ್ದ ಒರೆಯನ್ನೇ ಫ್ಲೆಮಿಂಗನು ವಾಲ್ಥರ್ ಪಿಸ್ತೂಲಿಗೆ ತೊಡಿಸಿಬಿಟ್ಟನು. ಆ ಒರೆಯಲ್ಲಿ ಆ ಪಿಸ್ತೂಲು ನಿಲ್ಲುವುದೇ ಇಲ್ಲವೆಂದು ತಿಳಿದವರು ಇಂದಿಗೂ ನಗುತ್ತಾರೆ.

ಕಥೆಯಲ್ಲಿ ಇದು ವಿನೋದ. ಆದರೆ ಇದೇ ಪ್ರಶ್ನೆಯನ್ನು ನಿಜವಾಗಿ ಇದಿರಿಸುವವರು ಅಮೆರಿಕೆಯಲ್ಲಿ ಲೆಕ್ಕವಿಲ್ಲದಷ್ಟು ಮಂದಿ. ಅವರು ಗೂಢಚಾರರಲ್ಲ; ಅಂಗಡಿ ಮುಚ್ಚಿ ರಾತ್ರಿ ಹಣ ಕೊಂಡೊಯ್ಯುವ ವರ್ತಕ, ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಮನೆಗೆ ಮರಳುವ ದಾದಿ, ಒಂಟಿಯಾಗಿ ವಾಸಿಸುವ ಮುದುಕ. ಬಟ್ಟೆಯ ಮರೆಯಲ್ಲಿ ಪಿಸ್ತೂಲಿಟ್ಟುಕೊಂಡು ಓಡಾಡುವುದಕ್ಕೆ ಒಂದು ಕಾಲದಲ್ಲಿ ಆ ದೇಶದ ಬಹುಪಾಲು ಸಂಸ್ಥಾನಗಳಲ್ಲಿ ಕಟ್ಟುನಿಟ್ಟಿನ ನಿರ್ಬಂಧವಿದ್ದಿತು. ನ್ಯೂಯಾರ್ಕಿನ ಸಲಿವನ್ ಶಾಸನವು 1911ರಷ್ಟು ಹಿಂದಿನದು. 1987ರಲ್ಲಿ ಫ್ಲಾರಿಡಾ ಸಂಸ್ಥಾನವು, ಗೊತ್ತುಪಡಿಸಿದ ಷರತ್ತುಗಳನ್ನು ಪೂರೈಸಿದವರಿಗೆ ಅಧಿಕಾರಿಗಳು ಪರವಾನಗಿ ನಿರಾಕರಿಸುವಂತಿಲ್ಲವೆಂದು ಶಾಸನ ಮಾಡಿತು. ಇತರ ಸಂಸ್ಥಾನಗಳು ಒಂದೊಂದಾಗಿ ಆ ದಾರಿ ಹಿಡಿದವು. 2022ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನ ಒಂದು ಮೊಕದ್ದಮೆಯನ್ನು ತೀರ್ಮಾನಿಸುತ್ತ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಆತ್ಮರಕ್ಷಣೆಗಾಗಿ ಮನೆಯ ಹೊರಗೆ ಪಿಸ್ತೂಲು ಒಯ್ಯುವುದು ಸಂವಿಧಾನದತ್ತ ಹಕ್ಕೆಂದು ಸಾರಿತು. 2024ರ ಕೊನೆಯ ವೇಳೆಗೆ 29 ಸಂಸ್ಥಾನಗಳಲ್ಲಿ ಪರವಾನಗಿಯ ಅವಶ್ಯಕತೆಯೇ ಇಲ್ಲದಂತಾಗಿತ್ತು. ಸರಿಯೋ ತಪ್ಪೋ ಎಂಬ ವಾಗ್ವಾದ ಆ ದೇಶದಲ್ಲಿ ತೀರುವಂತಿಲ್ಲ. ಪಿಸ್ತೂಲು ಕೊಳ್ಳಹೊರಟವನಿಗೆ ಇರುವ ಪ್ರಶ್ನೆ ಬೇರೆ: ಕಾಣದಂತೆ ಅಡಗುವಷ್ಟು ಚಿಕ್ಕದಾಗಿಯೂ ಇರಬೇಕು, ಬೇಕಾದಾಗ ಗುರಿ ತಪ್ಪದಂತೆಯೂ ಇರಬೇಕು, ಈ ಎರಡು ಗುಣಗಳು ಒಂದರಲ್ಲೇ ಸಿಕ್ಕುವುದೆಲ್ಲಿ?

ಈ ಆಸೆ ಹೊಸತಲ್ಲ. ಫಿಲಡೆಲ್ಫಿಯಾ ನಗರದ ಹೆನ್ರಿ ಡೆರಿಂಜರ್ ಎಂಬ ಕೋವಿಕಮ್ಮಾರನು ಹತ್ತೊಂಬತ್ತನೆಯ ಶತಮಾನದಲ್ಲಿ ಅಂಗೈಯಗಲದ ಪಿಸ್ತೂಲುಗಳನ್ನು ಮಾಡಿ ಹೆಸರಾದನು. ಅದರಲ್ಲಿ ಹಾರುತ್ತಿದ್ದುದು ಒಂದೇ ಗುಂಡು. ಮತ್ತೆ ಬಾಯಿಯಿಂದ ಮದ್ದು ತುಂಬಬೇಕು. ಆದ್ದರಿಂದ ಜನರು ಅದನ್ನು ಜೋಡಿಯಾಗಿ ಕೊಳ್ಳುತ್ತಿದ್ದರು. 1865ರ ಏಪ್ರಿಲ್ 14ರ ರಾತ್ರಿ ನಾಟಕಶಾಲೆಯಲ್ಲಿ ಅಧ್ಯಕ್ಷ ಲಿಂಕನ್ನನ ತಲೆಯ ಹಿಂಬದಿಗೆ ಹಾರಿದ್ದು ಇಂಥ ಒಂದು ಪಿಸ್ತೂಲಿನ ಗುಂಡು. ಕೊಲೆಗಾರನ ಬಳಿ ಎರಡನೆಯ ಗುಂಡಿರಲಿಲ್ಲ. ತನ್ನನ್ನು ಹಿಡಿಯಬಂದ ಸೇನಾಧಿಕಾರಿಯನ್ನು ಅವನು ಚೂರಿಯಿಂದ ಇರಿದು ಓಡಿಹೋಗಬೇಕಾಯಿತು. ಬಳಿಕ ಬಂದವನು ಯೂಟಾ ಸಂಸ್ಥಾನದ ಜಾನ್ ಮೋಸಸ್ ಬ್ರೌನಿಂಗ್. ಒಂದು ಗುಂಡು ಹಾರಿದಾಗ ಹುಟ್ಟುವ ಬಲದಿಂದಲೇ ಖಾಲಿ ತೋಟಾ ಹೊರಕ್ಕೆ ಚಿಮ್ಮಿ ಹೊಸ ತೋಟಾ ನಳಿಗೆಗೆ ಏರುವಂತೆ ಮಾಡಿದ ಚಪ್ಪಟೆ ಪಿಸ್ತೂಲುಗಳು ಅವನವು. ಬೆಲ್ಜಿಯಮ್ಮಿನ ಕಾರ್ಖಾನೆಯೊಂದು ತಯಾರಿಸಿದ ಅವನ 1910ರ ಮಾದರಿಯಲ್ಲಿ ಬಟ್ಟೆಗೆ ತೊಡರುವಂಥ ಒಂದು ಮೊನೆಯೂ ಇಲ್ಲ. ಹೊಳೆಯ ಕಲ್ಲಿನಂತೆ ನುಣುಪು. 1914ರ ಜೂನ್ 28ರಂದು ಸರಯೇವೋದಲ್ಲಿ ಆಸ್ಟ್ರಿಯದ ಯುವರಾಜ ದಂಪತಿಗಳನ್ನು ಕೊಂದ ಎರಡು ಗುಂಡುಗಳು ಆ ಮಾದರಿಯಿಂದ ಹಾರಿದವು. 1948ರ ಜನವರಿ 30ರಂದು ದೆಹಲಿಯ ಪ್ರಾರ್ಥನಾಸಭೆಯಲ್ಲಿ ನಡೆದ ಘೋರಕೃತ್ಯಕ್ಕೆ ಸಾಧನವಾದದ್ದೂ ಇದೇ ಜಾತಿಯ ಕಿರುಪಿಸ್ತೂಲು, 1934ರ ಮಾದರಿಯ ಬೆರೆಟ್ಟಾ.

ಈ ಚರಿತ್ರೆಯನ್ನು ಓದಿದವನಿಗೆ ಜೇಬಿನ ಪಿಸ್ತೂಲು ಅಮೋಘಾಸ್ತ್ರವೆಂದು ತೋರಿದರೆ ಅಚ್ಚರಿಯಿಲ್ಲ. ಅಲ್ಲಿಯೇ ಮೋಸವಿರುವುದು. ಈ ಎಲ್ಲ ಪ್ರಸಂಗಗಳಲ್ಲಿ ಪಿಸ್ತೂಲು ಹಿಡಿದಿದ್ದವನು ಕೊಲೆಗಾರ. ಸ್ಥಳ ಅವನು ಆರಿಸಿದ್ದು, ಗಳಿಗೆ ಅವನು ಆರಿಸಿದ್ದು. ಗುರಿಯೋ ಕೈಯಳತೆಯಲ್ಲಿ, ಏನನ್ನೂ ಅರಿಯದೆ ನಿಂತಿತ್ತು. ತನ್ನನ್ನು ಕಾಪಾಡಿಕೊಳ್ಳಬೇಕಾದವನಿಗೆ ಇವುಗಳಲ್ಲಿ ಒಂದೂ ಇರುವುದಿಲ್ಲ. ಅವನು ಮೊದಲು ಅಪಾಯವನ್ನು ಗುರುತಿಸಬೇಕು, ಬಳಿಕ ಬಟ್ಟೆ ಸರಿಸಬೇಕು, ಒರೆಯಿಂದ ಪಿಸ್ತೂಲನ್ನು ಎಳೆಯಬೇಕು, ಅದಾದ ಮೇಲೆ ಗುರಿ. 1983ರಲ್ಲಿ ಸಾಲ್ಟ್ ಲೇಕ್ ಸಿಟಿಯ ಪೋಲೀಸು ಶಿಕ್ಷಕ ಡೆನಿಸ್ ಟ್ಯೂಲರ್ ಒಂದು ಸರಳ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದನು: ಚೂರಿ ಹಿಡಿದವನೊಬ್ಬನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ದಾಟಬಲ್ಲನು. ನಗರದ ಮನೆಯೊಂದರ ಪಡಸಾಲೆಯ ಉದ್ದಕ್ಕಿಂತ ಹೆಚ್ಚಾದ ದೂರವದು. ಅಂಗಿಯ ಅಂಚನ್ನೆತ್ತುವುದರಲ್ಲೇ ಆ ಒಂದೂವರೆ ಸೆಕೆಂಡು ಕಳೆದುಹೋಗಬಹುದು.

ಚಿಕ್ಕ ಪಿಸ್ತೂಲು ಏಕೆ ಕಷ್ಟದ ಆಯುಧವೆಂಬುದಕ್ಕೆ ಕಾರಣಗಳು ಹೈಸ್ಕೂಲಿನ ಭೌತಶಾಸ್ತ್ರದಲ್ಲಿಯೇ ಇವೆ. ಕೊಡಗಿನ ಕೋವಿಯನ್ನು ಹೆಗಲಿಗೊತ್ತಿ ಹಾರಿಸಿದವರಿಗೆ ಅದರ ಒದೆತ ಗೊತ್ತು. ಆದರೆ ಆ ಕೋವಿಗೆ ಹಲವು ಪೌಂಡುಗಳ ತೂಕವಿದೆ, ಹಿಂದೆ ಹೆಗಲಿದೆ. ಪಿಸ್ತೂಲಿಗೆ ಇರುವುದು ಮಣಿಕಟ್ಟು ಮಾತ್ರ. ಇಂದು ಬಹುವಾಗಿ ಬಳಕೆಯಲ್ಲಿರುವ 9 ಮಿಲಿಮೀಟರ್ ತೋಟಾದ ಗುಂಡು ಸುಮಾರು 8 ಗ್ರಾಂ ತೂಗುತ್ತದೆ. ಸೆಕೆಂಡಿಗೆ ಸುಮಾರು 350 ಮೀಟರ್ ವೇಗದಿಂದ ಹೊರಡುತ್ತದೆ. ಅದು ಮುಂದಕ್ಕೆ ಹೋದಷ್ಟೇ ಸಂವೇಗದಿಂದ ಪಿಸ್ತೂಲು ಹಿಂದಕ್ಕೆ ಬರಬೇಕೆಂಬುದು ನ್ಯೂಟನ್ನನ ನಿಯಮ. ಒಂದು ಕಿಲೋ ತೂಕದ ಪಿಸ್ತೂಲಿನ ಬದಲು ಅರ್ಧ ಕಿಲೋದ್ದನ್ನು ಹಿಡಿದರೆ, ಅದೇ ತೋಟಾಕ್ಕೆ ಅದು ಇಮ್ಮಡಿ ವೇಗದಿಂದ ಹಿಂದೊದೆಯುತ್ತದೆ. ಅಂಗೈ ತಾಳಿಕೊಳ್ಳಬೇಕಾದ ಶಕ್ತಿಯೂ ಇಮ್ಮಡಿಯಾಗುತ್ತದೆ. ಅಂಗಡಿಯಲ್ಲಿ ಹಿಡಿದು ನೋಡುವಾಗ “ಹೂವಿನ ಹಾಗಿದೆ” ಎಂದು ಸಂತೋಷಪಡುವ ಗಿರಾಕಿಯು, ಗುರಿಯಭ್ಯಾಸದ ಮೈದಾನದಲ್ಲಿ ಹತ್ತನೆಯ ಗುಂಡಿನ ಹೊತ್ತಿಗೆ ಕೈ ಕೊಡವಿಕೊಳ್ಳುವುದು ಇದರಿಂದಲೇ.

ಗುರಿಯ ಲೆಕ್ಕವೂ ಹೀಗೆಯೇ. ಪಿಸ್ತೂಲಿನ ಮುಂತುದಿಯಲ್ಲೊಂದು ಕಿರುಮೊನೆ, ಹಿಂತುದಿಯಲ್ಲೊಂದು ಕಚ್ಚು. ಎರಡನ್ನೂ ಕಣ್ಣಿನ ಸಾಲಿಗೆ ತರುವುದೇ ಗುರಿ ಹಿಡಿಯುವುದು. ಅವುಗಳ ನಡುವೆ 150 ಮಿಲಿಮೀಟರ್ ಅಂತರವಿದ್ದು ಮೊನೆಯು ಒಂದು ಮಿಲಿಮೀಟರಿನಷ್ಟು ಓರೆಯಾದರೆ, ಹತ್ತು ಮೀಟರ್ ದೂರದಲ್ಲಿ ಗುಂಡು ಸುಮಾರು 67 ಮಿಲಿಮೀಟರ್ ಆಚೆ ಬೀಳುತ್ತದೆ. ಅಂತರವು 100 ಮಿಲಿಮೀಟರಿಗೆ ಇಳಿದರೆ ಅದೇ ತಪ್ಪಿಗೆ ಗುಂಡು ಬೀಳುವುದು 100 ಮಿಲಿಮೀಟರ್ ಆಚೆ. ನಳಿಗೆ ಗಿಡ್ಡವಾದುದರಿಂದ ಗುಂಡೇ ಸೊಟ್ಟಗೆ ಹೋಗುವುದೆಂದು ಹಲವರು ತಿಳಿದಿದ್ದಾರೆ. ಅದು ಹಾಗಲ್ಲ, ಗಟ್ಟಿಯಾದ ಹಿಡಿಕಟ್ಟಿನಲ್ಲಿ ಬಿಗಿದು ಹಾರಿಸಿದರೆ ಗಿಡ್ಡ ಪಿಸ್ತೂಲೂ ಮೆಚ್ಚುವಷ್ಟು ನೇರವಾಗಿಯೇ ಹೊಡೆಯುತ್ತದೆ. ಮನುಷ್ಯನ ತಪ್ಪನ್ನು ಅದು ಹಿಗ್ಗಿಸಿ ತೋರಿಸುತ್ತದೆ, ಅಷ್ಟೆ.

ಇನ್ನು ಟ್ರಿಗರ್. ಬೂತ್‌ರಾಯ್ಡನು ಮೆಚ್ಚಿದ ರಿವಾಲ್ವರಿನ ಹಗುರ ಲೋಹದ ಮಾದರಿಯು ತೂಗುವುದು ಸುಮಾರು ಒಂದು ಪೌಂಡು; ಅದರ ಟ್ರಿಗರನ್ನು ಪೂರ್ತಿಯಾಗಿ ಎಳೆಯಲು ಬೇಕಾದ ಬಲವೋ ಸುಮಾರು ಹನ್ನೆರಡು ಪೌಂಡು. ಒಂದು ಪೌಂಡಿನ ವಸ್ತುವನ್ನು ಕದಲದಂತೆ ಹಿಡಿದು, ಅದರ ಮೇಲೆಯೇ ಹನ್ನೆರಡು ಪೌಂಡಿನ ಬಲವನ್ನು ಒಂದೇ ಬೆರಳಿನಿಂದ ಹಾಕಬೇಕು! ವೀಣೆಯ ತಂತಿ ಮೀಟುವವರಿಗೆ ಗೊತ್ತಿರುವಂತೆ ಒಂದು ಬೆರಳು ಮಾತ್ರ ಆಡಿ ಉಳಿದ ನಾಲ್ಕು ಸುಮ್ಮನಿರುವುದು ಸಾಧನೆಯಿಂದ ಬರುವ ವಿದ್ಯೆ. ಗಾಬರಿಯಲ್ಲಿ ಐದೂ ಬೆರಳುಗಳು ಒಟ್ಟಿಗೆ ಮುದುಡುತ್ತವೆ, ನಳಿಗೆಯ ತುದಿ ಕೆಳಕ್ಕೆ ಬಾಗುತ್ತದೆ, ಗುಂಡು ನೆಲಕ್ಕೆ.

ಹೀಗೆಂದ ಮೇಲೆ ದೊಡ್ಡ ಪಿಸ್ತೂಲನ್ನೇ ಕೊಳ್ಳಬಾರದೇಕೆ ಎಂದು ಯಾರಾದರೂ ಕೇಳಿಯಾರು. ಕೊಳ್ಳಬಹುದು; ಆದರೆ ಅದು ಮನೆಯಲ್ಲಿಯೇ ಉಳಿಯುತ್ತದೆ. ಟೆಕ್ಸಸಿನ ಬೇಸಗೆಯಲ್ಲಿ ತೆಳು ಅಂಗಿಯೊಳಗೆ ಒಂದು ಕಿಲೋ ಕಬ್ಬಿಣವನ್ನು ದಿನವಿಡೀ ಹೊತ್ತು ತಿರುಗುವ ಉತ್ಸಾಹ ಮೊದಲ ವಾರದ್ದು. ಎರಡನೆಯ ವಾರ ಅದು ಕಾರಿನ ಪೆಟ್ಟಿಗೆಗೆ, ಮೂರನೆಯ ವಾರ ಬೀರುವಿಗೆ. ಆದುದರಿಂದ ತಯಾರಕರ ಬುದ್ಧಿಯೆಲ್ಲ ನಡುದಾರಿಯನ್ನು ಹುಡುಕುವುದರಲ್ಲಿ ವ್ಯಯವಾಗಿದೆ. ಆಸ್ಟ್ರಿಯದ ಗ್ಲಾಕ್ ಕಂಪೆನಿಯು 1988ರಲ್ಲಿ ಹೊರತಂದ 19ನೆಯ ಮಾದರಿಗೆ ಪ್ಲಾಸ್ಟಿಕ್ಕಿನ ಮೈಕಟ್ಟು, ನಾಲ್ಕಂಗುಲದ ನಳಿಗೆ, ಹದಿನೈದು ತೋಟಾಗಳ ಪೆಟ್ಟಿಗೆ. 1994ರ ಶಾಸನವೊಂದು ತೋಟಾಪೆಟ್ಟಿಗೆಗೆ ಹತ್ತರ ಮಿತಿ ಹಾಕಿದಾಗ, ಹತ್ತೇ ಆದ ಮೇಲೆ ಪಿಸ್ತೂಲು ದೊಡ್ಡದೇಕೆಂದು ಕಂಪೆನಿಗಳು ಗಾತ್ರವನ್ನು ಇನ್ನಷ್ಟು ಕುಗ್ಗಿಸಿದವು. ಮಿತಿಯು 2004ರಲ್ಲಿ ಕೊನೆಗೊಂಡರೂ ಕುಗ್ಗಿದ ಗಾತ್ರ ಉಳಿಯಿತು. ಶಾಸನಕಾರರು ಎಣಿಸದಿದ್ದ ಫಲವಿದು. 2018ರಲ್ಲಿ ಬಂದ ಸಿಗ್ ಪಿ365 ಎಂಬುದು ಸುಮಾರು ಒಂದಂಗುಲ ದಪ್ಪ, ಮೂರಂಗುಲಕ್ಕೆ ತುಸು ಮೀರಿದ ನಳಿಗೆ, ಬರಿದಾಗಿದ್ದಾಗ ಸುಮಾರು ಅರ್ಧ ಕಿಲೋ ತೂಕ. ಆದರೂ ಅದರ ಪೆಟ್ಟಿಗೆಯಲ್ಲಿ ಹತ್ತು ತೋಟಾಗಳು. ಮೊದಲು ಅಷ್ಟು ಗಾತ್ರದ ಪಿಸ್ತೂಲುಗಳಲ್ಲಿ ಆರೋ ಏಳೋ ಹಿಡಿಯುತ್ತಿದ್ದವು.

ಅನುಭವಿಗಳು ಹೊಸಬನಿಗೆ ಹೇಳುವ ಮಾತು ಅಂಗಡಿಯವನ ಮಾತಿಗಿಂತ ಭಿನ್ನವಾಗಿರುತ್ತದೆ. ಅಡಗಿಸಬಲ್ಲವುಗಳಲ್ಲಿ ಅತಿ ಚಿಕ್ಕದನ್ನಲ್ಲ, ಅತಿ ದೊಡ್ಡದನ್ನು ಆರಿಸಿಕೋ ಎನ್ನುತ್ತಾರೆ ಅವರು. ಹಿಡಿಯ ಮೇಲೆ ಕಿರುಬೆರಳಿಗೂ ಸ್ಥಳವಿದೆಯೇ ನೋಡಬೇಕು. ಇಲ್ಲದಿದ್ದರೆ ಪ್ರತಿ ಗುಂಡಿಗೂ ಪಿಸ್ತೂಲು ಕೈಯಲ್ಲಿ ಹೊರಳುತ್ತದೆ. ಮೇಲಿನ ಉಕ್ಕಿನ ಸ್ಲೈಡನ್ನು ಹಿಂದಕ್ಕೆ ಎಳೆದು ಮೊದಲ ತೋಟಾವನ್ನು ಏರಿಸಲು ಕೈಯಲ್ಲಿ ಬಲವಿದೆಯೇ ನೋಡಬೇಕು. ಪಿಸ್ತೂಲು ಚಿಕ್ಕದಾದಷ್ಟೂ ಸ್ಪ್ರಿಂಗು ಸುಲಭವಾಗಿರಬಹುದೆಂಬ ಊಹೆ ಇಲ್ಲಿ ತಲೆಕೆಳಗಾಗುತ್ತದೆ. ಬಾಂಡನ ವಾಲ್ಥರಿನಂಥ ಹಳೆಯ ಕ್ರಮದ ಪಿಸ್ತೂಲುಗಳಲ್ಲಿ ಸ್ಫೋಟದ ಒತ್ತಡವನ್ನು ತಡೆದು ನಿಲ್ಲಿಸುವುದು ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿರುಸು ಎರಡೇ. ಆದುದರಿಂದ ಅವು ಸಣ್ಣ ತೋಟಾಕ್ಕೂ ಬಿರುಸಾಗಿ ಒದೆಯುತ್ತವೆ, ಎಳೆಯಲೂ ಬಿಗಿ. ಸಂಧಿವಾತದ ಬೆರಳುಗಳುಳ್ಳ ವೃದ್ಧೆಗೆ “ಇದು ಚಿಕ್ಕದು, ನಿಮಗೆ ಸರಿ” ಎಂದು ಇಂಥದನ್ನು ಕಟ್ಟಿಕೊಡುವ ಅಂಗಡಿಯವನಿಗೆ ತನ್ನ ಸರಕಿನ ಪರಿಚಯವಿಲ್ಲವೆಂದೇ ಹೇಳಬೇಕು. ಸ್ಮಿತ್ ಅಂಡ್ ವೆಸ್ಸನ್ ಕಂಪೆನಿಯು ಕೈಬಲ ಕಡಮೆಯಾದವರನ್ನು ಮನಸ್ಸಿನಲ್ಲಿಟ್ಟು ಸಡಿಲವಾಗಿ ಎಳೆಯಬಹುದಾದ ಪಿಸ್ತೂಲೊಂದನ್ನು ಹೊರತರಲು 2018 ಬರಬೇಕಾಯಿತು. ಹೆಂಗಸರ ಆಯುಧವೆಂದು ಬೂತ್‌ರಾಯ್ಡನು ಹಳಿದದ್ದೂ ಈ ದೃಷ್ಟಿಯಲ್ಲಿ ಪೂರ್ತಿ ನ್ಯಾಯವಲ್ಲ. ಚಿಕ್ಕದಾದ ಕಾರಣಕ್ಕೆ ಯಾವ ಪಿಸ್ತೂಲೂ ಹೆಂಗಸಿಗೆ ಹಗುರವಾಗಿ ನಡೆದುಕೊಳ್ಳುವುದಿಲ್ಲ.

ಪಿಸ್ತೂಲಿನಷ್ಟೇ ಮುಖ್ಯವಾದುದು ಒರೆ. ಕೊಳ್ಳುವವನು ಪಿಸ್ತೂಲಿಗೆ ಐನೂರು ಡಾಲರು ಸುರಿದು, ಒರೆಗೆ ಹದಿನೈದು ಡಾಲರು ಕೊಡುವಾಗ ಚೌಕಾಸಿ ಮಾಡುತ್ತಾನೆ. ಒರೆಯು ಟ್ರಿಗರನ್ನು ಪೂರ್ತಿಯಾಗಿ ಮುಚ್ಚಿರಬೇಕು. ಓಡಿದರೂ ಬಿದ್ದರೂ ಪಿಸ್ತೂಲು ಜಾರಬಾರದು. ಪಿಸ್ತೂಲನ್ನು ತೆಗೆದ ಮೇಲೂ ಅದರ ಬಾಯಿ ಮುಚ್ಚಿಕೊಳ್ಳಬಾರದು. ಬೀಗದ ಕೈ, ಚಿಲ್ಲರೆ ಕಾಸು, ಕರವಸ್ತ್ರಗಳ ಜೊತೆಗೆ ಬರಿಯ ಪಿಸ್ತೂಲನ್ನು ಜೇಬಿಗೆ ಇಳಿಬಿಡುವವನು ಇನ್ನೊಬ್ಬರಿಗಿಂತ ಮೊದಲು ತನ್ನ ತೊಡೆಗೆ ಅಪಾಯ ತಂದುಕೊಳ್ಳುತ್ತಾನೆ. ಬಲವಾದ ಸೊಂಟಪಟ್ಟಿಯಿಲ್ಲದೆ ಯಾವ ಒರೆಯೂ ನೆಟ್ಟಗೆ ನಿಲ್ಲದು. ಅಂಗಿಯೂ ಒಂದು ಅಳತೆ ದೊಡ್ಡದಾಗಿರಬೇಕಾಗುತ್ತದೆ. ಹೀಗೆ ಪಿಸ್ತೂಲು ಕೊಂಡವನು ಉಡುಪನ್ನೂ ಹೊಸದಾಗಿ ಕೊಳ್ಳುತ್ತಾನೆ.

ಹೆಂಗಸರಿಗೆ ಇದೇ ದೊಡ್ಡ ತೊಡಕು. ಅವರ ಉಡುಪುಗಳಲ್ಲಿ ಒರೆಗೆ ಎಡೆಯಿಲ್ಲದಿರುವುದರಿಂದ ಪಿಸ್ತೂಲಿಗೆಂದೇ ಬೇರೆ ಅರೆಯುಳ್ಳ ಕೈಚೀಲಗಳು ಪೇಟೆಗೆ ಬಂದವು. ನೋಡಲು ಚೆಂದ, ಸೌಕರ್ಯವೂ ಹೌದು. 2014ರ ಡಿಸೆಂಬರ್ ತಿಂಗಳ ಕೊನೆಯಲ್ಲಿ ಐಡಾಹೋ ಸಂಸ್ಥಾನದ ಒಂದು ಅಂಗಡಿಗೆ ತಾಯಿಯೊಬ್ಬಳು ಮಕ್ಕಳೊಡನೆ ಸಾಮಾನು ಕೊಳ್ಳಲು ಹೋದಳು. ಎರಡು ವರ್ಷದ ಮಗು ಸಾಮಾನಿನ ಗಾಡಿಯಲ್ಲಿ ಕುಳಿತಿತ್ತು. ಕೈಚೀಲವು ಮಗುವಿನ ಪಕ್ಕದಲ್ಲಿತ್ತು. ಅದರ ಅರೆಗೆ ಜಿಪ್ಪು ಇತ್ತು. ತಾಯಿಗೆ ಪರವಾನಗಿಯಿತ್ತು, ಬಂದೂಕಿನ ಬಳಕೆಯೂ ಅವಳಿಗೆ ಹೊಸದಲ್ಲ. ಅವಳು ಬೇರೆಡೆಗೆ ನೋಡುತ್ತಿದ್ದ ಕ್ಷಣದಲ್ಲಿ ಮಗುವು ಜಿಪ್ಪನ್ನು ಎಳೆಯಿತು. ಒಂದೇ ಗುಂಡು. ತಾಯಿ ಅಲ್ಲಿಯೇ ತೀರಿಕೊಂಡಳು.

ಅಂದಿನಿಂದ ಕೈಚೀಲದ ಪ್ರಶ್ನೆ ಬಂದಾಗಲೆಲ್ಲ ಶಿಕ್ಷಕರು ಈ ಪ್ರಸಂಗವನ್ನು ಎತ್ತುತ್ತಾರೆ. ಪಿಸ್ತೂಲು ಮೈಮೇಲಿರಬೇಕು, ಇಲ್ಲವೇ ಬೀಗದೊಳಗಿರಬೇಕು. ಮೂರನೆಯ ಸ್ಥಳವೇ ಇಲ್ಲ ಎಂಬುದು ಅವರ ಕಟ್ಟಪ್ಪಣೆ. ದಿಂಬಿನ ಕೆಳಗೆ, ಮೇಜಿನ ಸೆಳೆಯಲ್ಲಿ, ಕಾರಿನ ಆಸನದಡಿಯಲ್ಲಿ ಇಡುವ ಅಭ್ಯಾಸಕ್ಕೆ ಅವರು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಬೀಗದ ಅಗತ್ಯಕ್ಕೆ ಮಕ್ಕಳಷ್ಟೇ ಕಾರಣರಲ್ಲ. 2021ರಲ್ಲಿ ಅಮೆರಿಕೆಯಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಅವರಲ್ಲಿ 26,328 ಮಂದಿ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡವರು. ಹೊರಗಿನ ಕಳ್ಳನಿಗಾಗಿ ತಂದ ಆಯುಧವು ಮನೆಯೊಳಗಿನ ಕೆಟ್ಟ ಗಳಿಗೆಯೊಂದಕ್ಕೆ ಸಿಕ್ಕಿಬಿಡುತ್ತದೆ. ಪಿಸ್ತೂಲು ಆರಿಸುವ ಮೊದಲು ಮನೆಯಲ್ಲಿ ಯಾರು ಯಾರಿದ್ದಾರೆ, ಯಾರ ಮನಸ್ಸು ಹೇಗಿದೆ ಎಂಬುದನ್ನು ಯೋಚಿಸದವನು ಮಾದರಿಗಳ ತುಲನೆಯಲ್ಲಿ ಎಷ್ಟು ಜಾಣನಾಗಿದ್ದರೂ ಪ್ರಯೋಜನವಿಲ್ಲ.

ಇನ್ನು ಹಾರಿಸುವ ವಿದ್ಯೆ. ಹಳೆಯ ಚಿತ್ರಗಳಲ್ಲಿ ಪಿಸ್ತೂಲುಗಾರನು ಒಂದು ಕೈ ಚಾಚಿ, ಇನ್ನೊಂದನ್ನು ಸೊಂಟದ ಮೇಲಿಟ್ಟು ನಿಂತಿರುವುದನ್ನು ಓದುಗರು ಕಂಡಿರಬಹುದು. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯದ ಬಿಗ್ ಬೇರ್ ಸರೋವರದ ಬಳಿ ನಡೆಯುತ್ತಿದ್ದ ಸ್ಪರ್ಧೆಗಳಲ್ಲಿ ಜ್ಯಾಕ್ ವೀವರ್ ಎಂಬ ಪೋಲೀಸು ಅಧಿಕಾರಿಯು ಎರಡೂ ಕೈಗಳಿಂದ ಪಿಸ್ತೂಲನ್ನು ಹಿಡಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಾರಿಸತೊಡಗಿದನು. ಸೊಂಟದ ಬಳಿಯಿಂದಲೇ ಮಿಂಚಿನಂತೆ ಹಾರಿಸುವವರ ನಡುವೆ ಇವನು ನಿಧಾನಿಯಂತೆ ಕಂಡರೂ, ಬಹುಮಾನ ಗೆದ್ದವನು ಇವನೇ. ಆ ಸ್ಪರ್ಧೆಗಳನ್ನು ನಡೆಸುತ್ತಿದ್ದ ಜೆಫ್ ಕೂಪರನು ಇದರಿಂದ ಪಾಠ ಕಲಿತು, 1976ರಲ್ಲಿ ಅರಿಜೋನಾದಲ್ಲಿ ಪಿಸ್ತೂಲು ವಿದ್ಯೆಯ ಶಾಲೆಯನ್ನೇ ತೆರೆದನು. ಅವನು ಹೇಳಿಕೊಟ್ಟ ನಾಲ್ಕು ಕಟ್ಟಳೆಗಳು ಇಂದು ಎಲ್ಲೆಲ್ಲಿಯೂ ಬಾಯಿಪಾಠವಾಗಿವೆ: ಪ್ರತಿಯೊಂದು ಬಂದೂಕಿನಲ್ಲೂ ಗುಂಡಿದೆಯೆಂದೇ ಭಾವಿಸುವುದು, ನಾಶಮಾಡಲು ಸಿದ್ಧವಿಲ್ಲದ ಯಾವುದರ ಕಡೆಗೂ ನಳಿಗೆಯನ್ನು ತಿರುಗಿಸದಿರುವುದು, ಗುರಿಯ ಮೇಲೆ ಕಣ್ಣು ನಿಲ್ಲುವವರೆಗೆ ಟ್ರಿಗರಿನ ಮೇಲೆ ಬೆರಳಿಡದಿರುವುದು, ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದನ್ನು ಅರಿತಿರುವುದು. ಕೊನೆಯದನ್ನು ಮರೆಯುವವರೇ ಬಹಳ. ಅಮೆರಿಕೆಯ ಮನೆಗಳ ಒಳಗೋಡೆಗಳು ನಮ್ಮ ಇಟ್ಟಿಗೆ ಗೋಡೆಗಳಂತಲ್ಲ; ತೆಳುವಾದ ಹಲಗೆಗಳು. ಹಾಲಿನಲ್ಲಿ ತಪ್ಪಿದ ಗುಂಡು ಮಕ್ಕಳ ಕೋಣೆಯಲ್ಲಿ ನಿಲ್ಲಬಹುದು.

ಚಿಕ್ಕ ಪಿಸ್ತೂಲಿಗೆ ಅಭ್ಯಾಸ ಹೆಚ್ಚು ಬೇಕು. ಆದರೆ ಅದರ ಒದೆತದಿಂದಾಗಿ ಜನ ಅಭ್ಯಾಸ ಮಾಡುವುದು ಕಡಮೆ. ಬುದ್ಧಿವಂತರು ಮೊದಲು ಭಾರವಾದ, ಸೌಮ್ಯವಾದ ಪಿಸ್ತೂಲಿನಲ್ಲಿ ಕೈ ಪಳಗಿಸಿಕೊಂಡು ಬಳಿಕ ಚಿಕ್ಕದಕ್ಕೆ ಬರುತ್ತಾರೆ. ತೋಟಾಗಳನ್ನು ಬೇರೆಯ ಕೋಣೆಯಲ್ಲಿಟ್ಟು, ಬರಿದಾಗಿದೆಯೆಂದು ಎರಡು ಸಲ ಪರೀಕ್ಷಿಸಿ, ಮೊನೆ ಕದಲದಂತೆ ಟ್ರಿಗರನ್ನು ಒತ್ತುವ ಅಭ್ಯಾಸಕ್ಕೆ ಖರ್ಚೂ ಇಲ್ಲ, ಸದ್ದೂ ಇಲ್ಲ. ಗುಂಡಿನ ಅಭ್ಯಾಸವನ್ನು ಮೂರು, ಐದು, ಏಳು ಗಜಗಳಿಂದ ಆರಂಭಿಸಬೇಕು. ಮಣಿಕಟ್ಟು ಸಡಿಲವಾದರೆ ಹಗುರ ಪಿಸ್ತೂಲಿನ ಸ್ಲೈಡು ತನ್ನ ಓಟವನ್ನು ಪೂರೈಸದೆ ಖಾಲಿ ತೋಟಾ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಡಿಸುವುದನ್ನೂ ಕಲಿತಿರಬೇಕು. ಹೀಗೆಲ್ಲ ಕಲಿತವರ ಗತಿ ಏನೆಂಬುದಕ್ಕೆ ನ್ಯೂಯಾರ್ಕ್ ಪೋಲೀಸರ ಲೆಕ್ಕವೊಂದಿದೆ. 1998ರಿಂದ 2006ರವರೆಗಿನ ಘಟನೆಗಳನ್ನು ಪರಿಶೀಲಿಸಿದ ರ‍್ಯಾಂಡ್ ಸಂಸ್ಥೆಯು 2008ರಲ್ಲಿ ಪ್ರಕಟಿಸಿದ ವರದಿಯಂತೆ, ಎದುರಾಳಿಯೂ ಗುಂಡು ಹಾರಿಸುತ್ತಿದ್ದಾಗ ಪೋಲೀಸರ ನೂರು ಗುಂಡುಗಳಲ್ಲಿ ಗುರಿ ಮುಟ್ಟಿದವು ಹದಿನೆಂಟು. ಉಳಿದ ಎಂಬತ್ತೆರಡು ನಗರದಲ್ಲಿ ಬೇರೆಲ್ಲೋ ಹೋದವು. ಅವರ ಕೈಯಲ್ಲಿದ್ದುದು ಸೇವಾಪಿಸ್ತೂಲು. ಅವರಿಗೆ ಸರಕಾರದ ಖರ್ಚಿನಲ್ಲಿ ಶಿಕ್ಷಣವೂ ಆಗಿತ್ತು. ವರ್ಷಕ್ಕೊಮ್ಮೆ ಐವತ್ತು ತೋಟಾ ಸುಟ್ಟು ತೃಪ್ತನಾಗುವ ಗೃಹಸ್ಥನ ಪಾಡನ್ನು ಊಹಿಸಬಹುದು.

ಡಲ್ಲಾಸಿನಲ್ಲಿಯೋ ಹ್ಯೂಸ್ಟನ್ನಿನಲ್ಲಿಯೋ ಮಕ್ಕಳಿರುವ ಬೆಂಗಳೂರು, ಮೈಸೂರುಗಳ ತಂದೆತಾಯಿಗಳಿಗೆ ಈ ಸಂಗತಿ ತೀರ ದೂರದ್ದಲ್ಲ. ನೆರೆಯವರೆಲ್ಲ ಇಟ್ಟುಕೊಂಡಿದ್ದಾರೆ, ತಾನೂ ಒಂದನ್ನು ಕೊಳ್ಳಲೇ ಎಂದು ಮಗನು ಫೋನಿನಲ್ಲಿ ಕೇಳುವುದುಂಟು. ವಿದ್ಯಾರ್ಥಿಯಾಗಿಯೋ ತಾತ್ಕಾಲಿಕ ಉದ್ಯೋಗದ ವೀಸಾದ ಮೇಲೋ ಹೋದವರು ಸಾಮಾನ್ಯವಾಗಿ ಬಂದೂಕಾಗಲಿ ತೋಟಾವಾಗಲಿ ಹೊಂದಿರುವುದೇ ಅಲ್ಲಿನ ಕೇಂದ್ರ ಶಾಸನದ ಪ್ರಕಾರ ಅಪರಾಧವೆಂಬುದು ಬಹುಮಂದಿಗೆ ತಿಳಿಯದು. ಬೇಟೆಯ ಪರವಾನಗಿ ಪಡೆದವರಿಗೆ ವಿನಾಯಿತಿಯಿದೆಯಾದರೂ, ಸಂಸ್ಥಾನದಿಂದ ಸಂಸ್ಥಾನಕ್ಕೆ ಬದಲಾಗುವ ಕಟ್ಟಳೆಗಳ ಕಾಡಿನಲ್ಲಿ ವಕೀಲನನ್ನು ಕೇಳದೆ ಕಾಲಿಡುವುದು ಅವಿವೇಕ. ಒಂದು ಸಂಸ್ಥಾನದಲ್ಲಿ ಸಲ್ಲುವ ಪರವಾನಗಿಯು ಪಕ್ಕದ ಸಂಸ್ಥಾನದ ಗಡಿ ದಾಟಿದೊಡನೆ ಬರಿಯ ಕಾಗದವಾಗಬಹುದು.

ನಮ್ಮ ದೇಶದಲ್ಲಿ 1959ರ ಆಯುಧ ಶಾಸನದ ಪ್ರಕಾರ ಪರವಾನಗಿಯಿಲ್ಲದೆ ಪಿಸ್ತೂಲು ಹೊಂದುವಂತಿಲ್ಲ. 9 ಮಿಲಿಮೀಟರ್ ತೋಟಾದ ಪಿಸ್ತೂಲಂತೂ ಸಾಮಾನ್ಯ ನಾಗರಿಕನಿಗೆ ನಿಷಿದ್ಧ. 2012ರ ದೆಹಲಿಯ ದುರಂತದ ತರುವಾಯ, 2014ರಲ್ಲಿ ಕಾನಪುರದ ಸರಕಾರಿ ಕಾರ್ಖಾನೆಯು ಹೆಂಗಸರ ಕೈಚೀಲಕ್ಕೆಂದೇ ‘ನಿರ್ಭೀಕ್’ ಎಂಬ ಅರ್ಧ ಕಿಲೋ ತೂಕದ .32 ರಿವಾಲ್ವರನ್ನು ಹೊರತಂದಿತು. ಬೆಲೆ ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿಗಳಿಗೂ ಮಿಗಿಲು. ಬಸ್ಸಿಗೆ ಕಾದು ನಿಲ್ಲುವ ಹುಡುಗಿಗೆ ಅಷ್ಟು ಹಣವೆಲ್ಲಿಂದ ಬರಬೇಕು ಎಂಬ ಪ್ರಶ್ನೆ ಅಂದೇ ಎದ್ದಿತು. ಕೈಚೀಲವೇ ಅದಕ್ಕೆ ತಕ್ಕ ಸ್ಥಳವೇ ಎಂದು ಕೇಳಿದವರು ವಿರಳ.

ಬೂತ್‌ರಾಯ್ಡನ ಕಥೆಗೆ ಇನ್ನೊಂದು ತುಣುಕಿದೆ. ಫ್ಲೆಮಿಂಗನ 1957ರ ಕಾದಂಬರಿಯ ರಕ್ಷಾಪುಟಕ್ಕೆ ರಿವಾಲ್ವರೂ ಗುಲಾಬಿಯೂ ಇರುವ ಚಿತ್ರವೊಂದು ಬೇಕಾಗಿತ್ತು. ಚಿತ್ರಕಾರ ರಿಚರ್ಡ್ ಚಾಪಿಂಗನು ನೋಡಿ ಬರೆಯಲೆಂದು ಬೂತ್‌ರಾಯ್ಡನು ತನ್ನದೇ .38 ರಿವಾಲ್ವರನ್ನು ಎರವಲಾಗಿ ಕಳುಹಿಸಿಕೊಟ್ಟನು. ನಳಿಗೆಯನ್ನು ಗಿಡ್ಡಗೊಳಿಸಿ, ಬೆರಳು ಬೇಗ ಸಾಗಲೆಂದು ಟ್ರಿಗರಿನ ಸುತ್ತಿನ ಬಳೆಯ ಮುಂಭಾಗವನ್ನು ಕತ್ತರಿಸಿದ್ದ ರಿವಾಲ್ವರದು. ಅದು ಚಿತ್ರಕಾರನ ಮೇಜಿನ ಮೇಲಿದ್ದ ದಿನಗಳಲ್ಲಿಯೇ ಗ್ಲಾಸ್ಗೋ ಬಳಿಯ ಮನೆಯೊಂದರಲ್ಲಿ ಮೂವರು .38 ಗುಂಡಿಗೆ ಬಲಿಯಾದರು. ಊರಿನಲ್ಲಿ ಅಂಥ ರಿವಾಲ್ವರುಳ್ಳವರನ್ನೆಲ್ಲ ವಿಚಾರಿಸುತ್ತ ಪೋಲೀಸರು ಬೂತ್‌ರಾಯ್ಡನ ಬಾಗಿಲಿಗೂ ಬಂದರು. ನಿಜವಾದ ಕೊಲೆಗಾರನು ಬಳಿಕ ಸಿಕ್ಕಿಬಿದ್ದು 1958ರಲ್ಲಿ ಗಲ್ಲಿಗೇರಿದನೆನ್ನಿ. ಆದರೆ ಅಂದು ಆ ಆಯುಧಪರಿಣತನು, ತನ್ನ ರಿವಾಲ್ವರು ಮನೆಯಲ್ಲಿಲ್ಲವೆಂದೂ, ಗುಲಾಬಿ ಹೂವಿನ ಜೊತೆಗೆ ಚಿತ್ರ ಬರೆಸಿಕೊಳ್ಳಲು ಹೋಗಿದೆಯೆಂದೂ ಪೋಲೀಸರಿಗೆ ವಿವರಿಸಬೇಕಾಯಿತು.